ಹೊಸ ಭಾಗ ಹಾಕಿದ ಮೇಲೆ ಡೆಸ್ಕ್‌ಟಾಪ್ ಚಾಲೂ ಆಗದಿದ್ದರೆ: ದೋಷ ಪತ್ತೆಯ ಸಮಗ್ರ ಮಾರ್ಗದರ್ಶಿ

ಕಲಬುರಗಿಯ ಝೆರಾಕ್ಸ್ ಅಂಗಡಿಗಳಲ್ಲಿ, ಬೀದರಿನ ಡಿಟಿಪಿ ಕೇಂದ್ರಗಳಲ್ಲಿ, ಯಾದಗಿರಿಯ ಆನ್‌ಲೈನ್ ಅರ್ಜಿ ತುಂಬುವ ಕೌಂಟರುಗಳಲ್ಲಿ ಇಂದಿಗೂ ದಿನದ ಕೆಲಸ ನಡೆಯುವುದು ಡೆಸ್ಕ್‌ಟಾಪ್ ಮೇಲೆಯೇ. ನಿಧಾನವಾಯಿತೆಂದು ಅದಕ್ಕೊಂದು ರ‍್ಯಾಮ್ ಸೇರಿಸುವುದು, ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕಿಗಿಂತ ವೇಗದ ಸಂಗ್ರಹ ಡಿಸ್ಕ್) ಹಾಕುವುದು, ಮಕ್ಕಳ ಒತ್ತಾಯಕ್ಕೆ ಗ್ರಾಫಿಕ್ಸ್ ಕಾರ್ಡ್ ತರುವುದು ಈಗ ಸಾಮಾನ್ಯ. "ರ‍್ಯಾಮ್ ಹಾಕಿದ ಮ್ಯಾಲ ಸಿಸ್ಟಮ್ ಚಾಲೂನೇ ಆಗವಲ್ದು ನೋಡ್ರಿ" ಎನ್ನುತ್ತ ರಿಪೇರಿಗೆ ಬರುವವರಲ್ಲಿ ಹೆಚ್ಚಿನವರು, ತಂದ ಭಾಗವೇ ಕೆಟ್ಟದ್ದೆಂದು ಮೊದಲೇ ತೀರ್ಮಾನಿಸಿಕೊಂಡಿರುತ್ತಾರೆ. ವಾಸ್ತವದಲ್ಲಿ ಹೊಸ ಭಾಗ ತಾನೇ ಕೆಟ್ಟಿರುವುದು ಅಪರೂಪ. ಅದು ಪೂರ್ತಿ ಕುಳಿತಿರುವುದಿಲ್ಲ, ಅಥವಾ ಈ ಮದರ್‌ಬೋರ್ಡಿಗೆ, ಅಂದರೆ ಎಲ್ಲ ಭಾಗಗಳೂ ಜೋಡಣೆಯಾಗುವ ಮುಖ್ಯ ಹಲಗೆಗೆ, ಹೊಂದುವುದಿಲ್ಲ, ಅಥವಾ ಅದು ಕೇಳುವಷ್ಟು ವಿದ್ಯುತ್ತನ್ನು ಎಸ್‌ಎಂಪಿಎಸ್ (ಒಳಗಿನ ಎಲ್ಲ ಭಾಗಗಳಿಗೆ ವಿದ್ಯುತ್ ಹಂಚುವ ಡಬ್ಬಿ) ಕೊಡಲಾರದು. ಇಲ್ಲವೇ ಅದನ್ನು ಹಾಕುವಾಗ ಕೈ ತಗುಲಿ ಬೇರೆ ಯಾವುದೋ ತಂತಿ ಸಡಿಲಗೊಂಡಿರುತ್ತದೆ. ಈ ನಾಲ್ಕರಲ್ಲಿ ಯಾವುದು ಎಂಬುದನ್ನು ಯಂತ್ರವೇ ತನ್ನ ಲಕ್ಷಣಗಳಿಂದ ಬಹುಮಟ್ಟಿಗೆ ಹೇಳಿಬಿಡುತ್ತದೆ. ಆದ್ದರಿಂದ ಬಿಚ್ಚುವುದಕ್ಕಿಂತ ಮೊದಲು ಗಮನಿಸುವುದು ಮುಖ್ಯ.

ಕೈ ಹಾಕುವ ಮುನ್ನ

ಪವರ್ ಗುಂಡಿಯನ್ನು ಮೇಲಿಂದ ಮೇಲೆ ಒತ್ತುತ್ತ ಕೂರಬೇಡಿ. ಒಳಗೆ ಎಲ್ಲಾದರೂ ಶಾರ್ಟ್ ಆಗಿದ್ದರೆ ಪ್ರತಿ ಒತ್ತಿನಲ್ಲೂ ಹಾನಿ ಹೆಚ್ಚುತ್ತದೆ. ಸುಟ್ಟ ವಾಸನೆ ಬಂದರೆ, ಹೊಗೆ ಕಂಡರೆ, ಕಿಡಿ ಹಾರಿದ ಸದ್ದು ಕೇಳಿದರೆ ಕೂಡಲೇ ಗೋಡೆಯ ಸ್ವಿಚ್ ಆರಿಸಿ. ಅಂಥ ಯಂತ್ರವನ್ನು ಮನೆಯಲ್ಲಿ ಮತ್ತೆ ಚಾಲೂ ಮಾಡಿ ನೋಡುವ ಪ್ರಯೋಗ ಬೇಡ.

ಒಮ್ಮೆ ಮಾತ್ರ ಗುಂಡಿ ಒತ್ತಿ, ಏನಾಗುತ್ತದೆ ಎಂಬುದನ್ನು ಕಣ್ಣಿಟ್ಟು, ಕಿವಿಗೊಟ್ಟು ಗಮನಿಸಿ. ದೀಪವೂ ಇಲ್ಲ, ಫ್ಯಾನೂ ಇಲ್ಲ ಎಂದಾದರೆ ಅದು ಒಂದು ಬಗೆ. ಫ್ಯಾನು ಕ್ಷಣಕಾಲ ತಿರುಗಿ ನಿಂತುಬಿಟ್ಟರೆ ಎರಡನೆಯದು. ಫ್ಯಾನು ತಿರುಗುತ್ತಲೇ ಇದ್ದು ಡಿಸ್ಪ್ಲೇ ಬಾರದಿದ್ದರೆ ಮೂರನೆಯದು. ಕಂಪನಿಯ ಲೋಗೋ ಬಂದು ವಿಂಡೋಸ್ ತೆರೆಯದಿದ್ದರೆ ನಾಲ್ಕನೆಯದು. ಹೊರಗಿನಿಂದ ಎಲ್ಲವೂ "ಚಾಲೂ ಆಗುತ್ತಿಲ್ಲ" ಎಂದೇ ಕಂಡರೂ ನಾಲ್ಕಕ್ಕೂ ಕಾರಣಗಳು ಬೇರೆ.

ಕ್ಯಾಬಿನೆಟ್ ತೆರೆಯುವ ಮೊದಲು ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಕೆಪಾಸಿಟರ್‌ಗಳಲ್ಲಿ ಉಳಿದ ವಿದ್ಯುತ್ ಇದರಿಂದ ಇಳಿದುಹೋಗುತ್ತದೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರ ಒಳಗೆ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು.

ಸ್ಥಿರ ವಿದ್ಯುತ್ತಿನ ಭಯ ನಮ್ಮ ಭಾಗದಲ್ಲಿ ಚಳಿಗಾಲಕ್ಕೆ ಹೆಚ್ಚು. ಬೀದರಿನಂಥ ಎತ್ತರದ ಊರಿನಲ್ಲಿ ಗಾಳಿ ಒಣಗಿದಾಗ ಸ್ವೆಟರ್ ತೆಗೆದರೆ ಚಟಚಟ ಎನ್ನುವುದನ್ನು ಎಲ್ಲರೂ ಬಲ್ಲರು. ಜಮಖಾನೆ, ಪ್ಲಾಸ್ಟಿಕ್ ಚಾಪೆಗಳ ಮೇಲೆ ಕುಳಿತು ಈ ಕೆಲಸ ಮಾಡಬೇಡಿ. ಬರಿಗಾಲಲ್ಲಿ ಶಹಾಬಾದ್ ಕಲ್ಲಿನ ನೆಲದ ಮೇಲೆ ನಿಂತು, ಮೇಜಿನ ಮೇಲೆ ಕ್ಯಾಬಿನೆಟ್ ಮಲಗಿಸಿ, ಬಣ್ಣವಿಲ್ಲದ ಲೋಹದ ಭಾಗವನ್ನು ಆಗಾಗ ಮುಟ್ಟುತ್ತ ಕೆಲಸ ಮಾಡಿದರೆ ಸಾಕು.

ಇಲ್ಲಿಯೇ ಅರ್ಥಿಂಗ್ ಬಗ್ಗೆಯೂ ಹೇಳಬೇಕು. ಹಳೆಯ ಮನೆ, ಅಂಗಡಿಗಳ ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಮೇಲಿನ ದೊಡ್ಡ ತೂತಿಗೆ ತಂತಿಯೇ ಬಂದಿರುವುದಿಲ್ಲ. ಅಂಥ ಕಡೆ ಚಾಲೂ ಇರುವ ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ, ಏಕೆಂದರೆ ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರ್‌ಗಳಿಂದ ಸೋರುವ ಅಲ್ಪ ವಿದ್ಯುತ್ತಿಗೆ ನೆಲಕ್ಕಿಳಿಯುವ ದಾರಿ ಇಲ್ಲದೆ ಅದು ಲೋಹದ ಮೈಗೆ ಬಂದಿರುತ್ತದೆ. ಇಂಥ ಯಂತ್ರಕ್ಕೆ ಚಾಲೂ ಇರುವಾಗಲೇ ಮಾನಿಟರ್ ಕೇಬಲ್ ಸಿಕ್ಕಿಸುವುದು, ಕಿತ್ತುವುದು ಪೋರ್ಟ್‌ಗಳಿಗೆ ಒಳ್ಳೆಯದಲ್ಲ.

ಮೊದಲ ಪರೀಕ್ಷೆ

ಹೊಸದಾಗಿ ಹಾಕಿದ ಭಾಗವನ್ನು ತೆಗೆದು, ಎಲ್ಲವನ್ನೂ ಮೊದಲಿನಂತೆ ಜೋಡಿಸಿ ಚಾಲೂ ಮಾಡಿ ನೋಡಿ. ಗ್ರಾಫಿಕ್ಸ್ ಕಾರ್ಡ್ ತೆಗೆದಿದ್ದರೆ ಮಾನಿಟರ್ ಕೇಬಲ್ಲನ್ನು ಮತ್ತೆ ಮದರ್‌ಬೋರ್ಡಿನ ಪೋರ್ಟಿಗೆ ಹಾಕಲು ಮರೆಯಬಾರದು. ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ, ಉದಾಹರಣೆಗೆ ಹೆಸರಿನ ಕೊನೆಗೆ ಎಫ್ ಅಕ್ಷರವಿರುವ ಇಂಟೆಲ್ ಪ್ರೊಸೆಸರುಗಳಲ್ಲಿ, ಮದರ್‌ಬೋರ್ಡಿನ ಪೋರ್ಟಿನಿಂದ ಎಷ್ಟು ಹೊತ್ತು ಕಾದರೂ ಚಿತ್ರ ಬರುವುದಿಲ್ಲ.

ಯಂತ್ರ ಮೊದಲಿನಂತೆ ಚಾಲೂ ಆದರೆ ದೋಷ ಹೊಸ ಭಾಗಕ್ಕೆ, ಅದರ ಹೊಂದಾಣಿಕೆಗೆ ಅಥವಾ ಅದರ ವಿದ್ಯುತ್ ಬೇಡಿಕೆಗೆ ಸಂಬಂಧಿಸಿದ್ದು. ತೆಗೆದ ಮೇಲೂ ಚಾಲೂ ಆಗದಿದ್ದರೆ ಹೊಸ ಭಾಗದ ಮೇಲಿನ ಅನುಮಾನ ಬಿಟ್ಟು, ಕೈ ಓಡಾಡಿದ ಜಾಗವನ್ನೆಲ್ಲ ಪರಿಶೀಲಿಸಬೇಕು. ಈ ಒಂದು ಪರೀಕ್ಷೆ ಮಾಡದೆ ಭಾಗವನ್ನು ಬದಲಿಸಿಕೊಡಿರೆಂದು ಅಂಗಡಿಗೆ ಓಡುವವರೇ ಹೆಚ್ಚು.

ದೀಪವಿಲ್ಲ, ಫ್ಯಾನಿಲ್ಲ

ಮೊದಲು ಹೊರಗಿನದು. ಎಸ್‌ಎಂಪಿಎಸ್‌ನ ಹಿಂಬದಿಯ ಸಣ್ಣ ಸ್ವಿಚ್ ಆರಿದ್ದರೆ ಅದನ್ನು ಹಾಕಿ. ಕೆಲವು ಹಳೆಯ ಎಸ್‌ಎಂಪಿಎಸ್‌ಗಳಲ್ಲಿ 115 ಮತ್ತು 230 ಎಂದು ಬರೆದ ಕೆಂಪು ಜಾರುಗುಂಡಿ ಇರುತ್ತದೆ. ನಮ್ಮಲ್ಲಿ ಅದು 230ರ ಕಡೆಗೇ ಇರಬೇಕು. 115ಕ್ಕೆ ಸರಿದಿರುವಾಗ ಪ್ಲಗ್ ಹಾಕಿದರೆ ಎಸ್‌ಎಂಪಿಎಸ್ ಢಬ್ಬೆಂದು ಸುಟ್ಟುಹೋಗುತ್ತದೆ. ಯುಪಿಎಸ್, ಸ್ಟೆಬಿಲೈಜರ್, ಎಕ್ಸ್‌ಟೆನ್ಶನ್ ಬೋರ್ಡ್ ಎಲ್ಲವನ್ನೂ ಬಿಟ್ಟು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿಯೂ ನೋಡಿ.

ಬಳಿಕ ಒಳಗಿನದು. ಮದರ್‌ಬೋರ್ಡಿನ ಅಂಚಿನಲ್ಲಿರುವ 24 ಪಿನ್ನಿನ ದೊಡ್ಡ ಕನೆಕ್ಟರ್, ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ನಿನ ಕನೆಕ್ಟರ್, ಇವೆರಡೂ ಕೊಂಡಿ ಬೀಳುವ ತನಕ ಕೂತಿರಬೇಕು. ಅವುಗಳಿಗಿಂತ ಸಲೀಸಾಗಿ ಕಳಚಿಕೊಳ್ಳುವುದು ಪವರ್ ಗುಂಡಿಯಿಂದ ಬರುವ ಸಣ್ಣ ಎರಡು ಪಿನ್ನಿನ ತಂತಿ. ಗ್ರಾಫಿಕ್ಸ್ ಕಾರ್ಡನ್ನು ಒಳಗಿಳಿಸುವಾಗ ಅದರ ತುದಿ ಈ ತಂತಿಗೆ ತಾಗಿ, ಅದು ಅರ್ಧ ಮೇಲೆದ್ದು ನಿಂತಿರುವುದು ಮೇಲಿನಿಂದ ನೋಡಿದರೆ ತಿಳಿಯುವುದೇ ಇಲ್ಲ. ಟಾರ್ಚ್ ಹಿಡಿದು ಪಕ್ಕದಿಂದ ನೋಡಬೇಕು. ಗುಂಡಿಯ ತಂತಿಗೆ ಹಿಂದುಮುಂದು ಎಂಬುದಿಲ್ಲ, ಹೇಗೆ ಹಾಕಿದರೂ ನಡೆಯುತ್ತದೆ. ದೀಪದ ತಂತಿಗಳಿಗೆ ಮಾತ್ರ ದಿಕ್ಕು ಉಂಟು. ಗುಂಡಿಯೇ ಕೆಟ್ಟಿದೆಯೋ ಎಂಬ ಅನುಮಾನವಿದ್ದರೆ, ಮ್ಯಾನ್ಯುಯಲ್ ನೋಡಿ ಪವರ್ ಸ್ವಿಚ್ಚಿನ ಆ ಎರಡು ಪಿನ್ನುಗಳನ್ನು ಖಚಿತಪಡಿಸಿಕೊಂಡು, ಅವುಗಳನ್ನಷ್ಟೇ ಸ್ಕ್ರೂಡ್ರೈವರ್ ತುದಿಯಿಂದ ಕ್ಷಣಮಾತ್ರ ಸೇರಿಸಿದರೆ ಗೊತ್ತಾಗುತ್ತದೆ.

ಕ್ಷಣಕಾಲ ತಿರುಗಿ ನಿಲ್ಲುವುದು

ಇದು ಎಸ್‌ಎಂಪಿಎಸ್ ತನ್ನನ್ನು ತಾನು ರಕ್ಷಿಸಿಕೊಳ್ಳುತ್ತಿರುವ ಲಕ್ಷಣ. ಎಲ್ಲೋ ಶಾರ್ಟ್ ಆಗಿರಬೇಕು ಅಥವಾ ಹೊರೆ ಮಿತಿ ಮೀರಿರಬೇಕು. ಒಳಗೆ ಬಿದ್ದ ಸ್ಕ್ರೂ, ಮದರ್‌ಬೋರ್ಡ್ ಬದಲಿಸಿದ್ದರೆ ಅದರ ಅಡಿಯಲ್ಲಿ ತೂತಿಲ್ಲದ ಕಡೆ ಉಳಿದ ಹಿತ್ತಾಳೆಯ ಸ್ಟಾಂಡ್‌ಆಫ್ (ಬೋರ್ಡನ್ನು ಎತ್ತಿ ನಿಲ್ಲಿಸುವ ಗಿಡ್ಡ ಗೂಟ), ಮುಂಭಾಗದ ಯುಎಸ್‌ಬಿ ಕನೆಕ್ಟರಿನಲ್ಲಿ ಬಾಗಿ ಒಂದಕ್ಕೊಂದು ತಾಗಿದ ಪಿನ್ನು ಇವು ಶಾರ್ಟಿನ ಸಾಮಾನ್ಯ ಕಾರಣಗಳು. ಪ್ರೊಸೆಸರ್ ಅಥವಾ ಕೂಲರ್ ಬದಲಿಸಿದ್ದರೆ, ಕೂಲರಿನ ಫ್ಯಾನ್ ತಂತಿ ಸಿಪಿಯು ಫ್ಯಾನ್ ಎಂದು ಬರೆದ ಪಿನ್ನಿನಲ್ಲೇ ಇದೆಯೇ, ಕೂಲರ್ ನಾಲ್ಕೂ ಮೂಲೆಗಳಲ್ಲಿ ಸಮನಾಗಿ ಕೂತಿದೆಯೇ ಎಂದು ನೋಡಿ.

ಹೊರೆಯ ವಿಷಯವನ್ನು ಇನ್ನಷ್ಟು ವಿವರವಾಗಿ ಹೇಳಬೇಕು, ಏಕೆಂದರೆ ಗ್ರಾಫಿಕ್ಸ್ ಕಾರ್ಡ್ ಹಾಕಿದವರ ತಾಪತ್ರಯಗಳ ಬಹುಪಾಲು ಇಲ್ಲಿಯೇ ಇದೆ. ಈ ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಬೇರೆ ಕೇಬಲ್ ಬೇಕು. 6 ಪಿನ್ನಿನ ಕೇಬಲ್ ಇನ್ನೊಂದು 75 ವ್ಯಾಟ್, 8 ಪಿನ್ನಿನದು 150 ವ್ಯಾಟ್ ಕೊಡುತ್ತದೆ. ಕ್ಯಾಬಿನೆಟ್ ಜೊತೆಗೇ ಬಂದ ಅಗ್ಗದ ಎಸ್‌ಎಂಪಿಎಸ್‌ನ ಮೇಲೆ 450 ಎಂದು ದಪ್ಪಕ್ಷರದಲ್ಲಿ ಬರೆದಿರಬಹುದು. ಅದನ್ನು ನಂಬಬೇಡಿ. ಪಕ್ಕದ ಲೇಬಲ್ಲಿನಲ್ಲಿ 12 ವೋಲ್ಟಿನ ಸಾಲಿಗೆ ಎಷ್ಟು ಆಂಪಿಯರ್ ಎಂದು ಬರೆದಿದೆಯೋ ಅದನ್ನು 12ರಿಂದ ಗುಣಿಸಿ. 16 ಆಂಪಿಯರ್ ಇದ್ದರೆ ಸಿಗುವುದು 192 ವ್ಯಾಟ್ ಮಾತ್ರ. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಮುಖ್ಯವಾಗಿ ಉಣ್ಣುವುದು ಈ ಸಾಲಿನಿಂದಲೇ ಆದ್ದರಿಂದ, ಲೆಕ್ಕಕ್ಕೆ ಬರುವುದು ಈ ಸಂಖ್ಯೆಯೇ ಹೊರತು ದಪ್ಪಕ್ಷರದ 450 ಅಲ್ಲ.

ಯುಪಿಎಸ್ ಲೆಕ್ಕವೂ ಹೀಗೆಯೇ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವ 600 ವಿಎ ಯುಪಿಎಸ್‌ಗಳು ಸುಮಾರು 360 ವ್ಯಾಟ್‌ವರೆಗೆ ಮಾತ್ರ ಹೊರುತ್ತವೆ, ಅದೂ ಬ್ಯಾಟರಿ ಹೊಸದಿದ್ದಾಗ. ಹೊಸ ಕಾರ್ಡ್ ಹಾಕಿದ ಮೇಲೆ ಗೋಡೆಯ ಸಾಕೆಟ್ಟಿನಲ್ಲಿ ಚಾಲೂ ಆಗಿ, ಯುಪಿಎಸ್‌ಗೆ ಹಾಕಿದಾಗ ಬೀಪ್ ಎಂದು ಆರಿಹೋದರೆ ಕಂಪ್ಯೂಟರಿನ ತಪ್ಪೇನೂ ಇಲ್ಲ.

ಹಳೆಯ ಎಸ್‌ಎಂಪಿಎಸ್ ತೆಗೆದು ಹೊಸದು ಹಾಕಿದ್ದರೆ ಒಂದು ಎಚ್ಚರಿಕೆ. ಕೇಬಲ್‌ಗಳನ್ನು ಬೇರ್ಪಡಿಸಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್‌ಗಳಲ್ಲಿ ಒಂದರ ಕೇಬಲ್ಲನ್ನು ಇನ್ನೊಂದಕ್ಕೆ ಬಳಸಲೇಬಾರದು. ತುದಿ ಹೊಂದಿಕೊಂಡರೂ ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು. ಹಾರ್ಡ್‌ಡಿಸ್ಕ್ ಸುಟ್ಟು ವರ್ಷಗಳ ಕಡತ ಹೋಗುವುದು ಹೀಗೆಯೇ.

ಫ್ಯಾನು ತಿರುಗುತ್ತದೆ, ಡಿಸ್ಪ್ಲೇ ಬರುವುದಿಲ್ಲ

ನಾಲ್ಕು ಬಗೆಗಳಲ್ಲಿ ಅತಿ ಹೆಚ್ಚು ಕಾಣುವುದು ಇದೇ. ಗ್ರಾಫಿಕ್ಸ್ ಕಾರ್ಡ್ ಹಾಕಿದವರು ಮೊದಲು ನೋಡಬೇಕಾದದ್ದು ಮಾನಿಟರ್ ಕೇಬಲ್ ಎಲ್ಲಿದೆ ಎಂಬುದನ್ನು. ಕಾರ್ಡ್ ಹಾಕಿದೊಡನೆ ಬಹಳಷ್ಟು ಮದರ್‌ಬೋರ್ಡುಗಳು ತಮ್ಮ ಸ್ವಂತ ಪೋರ್ಟನ್ನು ಮುಚ್ಚಿಬಿಡುತ್ತವೆ, ಹಾಗಾಗಿ ಕೇಬಲ್ ಕಾರ್ಡಿನ ಪೋರ್ಟಿಗೇ ಹೋಗಬೇಕು. ಕಾರ್ಡಿಗೆ ಬೇರೆ ಪವರ್ ಕೇಬಲ್ ಬೇಕಿದ್ದು ಅದನ್ನು ಹಾಕದಿದ್ದರೂ ಫ್ಯಾನು ತಿರುಗಿ ಪರದೆ ಕಪ್ಪಾಗಿರುತ್ತದೆ. ಪ್ರೊಸೆಸರಿಗೆಂದು ಇರುವ 8 ಪಿನ್ನಿನ ಕೇಬಲ್ಲೂ ಗ್ರಾಫಿಕ್ಸ್‌ಗೆಂದು ಇರುವ 8 ಪಿನ್ನಿನ ಕೇಬಲ್ಲೂ ನೋಡಲು ಅಣ್ಣತಮ್ಮಂದಿರಂತೆ ಕಂಡರೂ ಒಂದರ ಜಾಗಕ್ಕೆ ಇನ್ನೊಂದು ಸಲ್ಲದು. ಕನೆಕ್ಟರ್ ಸರಾಗವಾಗಿ ಹೋಗುತ್ತಿಲ್ಲವೆಂದರೆ ಬಲ ಹಾಕದೆ ನಿಲ್ಲಿಸಿ, ಅದರ ಮೇಲೆ ಏನು ಬರೆದಿದೆ ಎಂದು ಓದಿ.

ರ‍್ಯಾಮ್ ಹಾಕಿದವರು ಮೊದಲು ಅದು ಯಾವ ಪೀಳಿಗೆಯದು ಎಂದು ನೋಡಬೇಕು. ಡಿಡಿಆರ್3, ಡಿಡಿಆರ್4, ಡಿಡಿಆರ್5 ಮೂರಕ್ಕೂ ಅಂಚಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ. ಆದರೆ ಕೂತ ಮಾತ್ರಕ್ಕೆ ಹೊಂದಿತು ಎಂದೂ ಅಲ್ಲ. ಬಳಸಿದ ಮಾಲು ಮಾರುವ ಕಡೆ ಅಗ್ಗಕ್ಕೆ ಸಿಗುವ ಸರ್ವರ್ ರ‍್ಯಾಮ್, ಅಂದರೆ ರಿಜಿಸ್ಟರ್ಡ್ ಮಾದರಿಯದು, ಡಿಡಿಆರ್3 ಮತ್ತು ಡಿಡಿಆರ್4ರಲ್ಲಿ ಸಾಮಾನ್ಯ ಸ್ಲಾಟಿನಲ್ಲೇ ಕೂರುತ್ತದೆ, ಆದರೆ ಸಾಮಾನ್ಯ ಡೆಸ್ಕ್‌ಟಾಪ್ ಅದರಿಂದ ಚಾಲೂ ಆಗುವುದಿಲ್ಲ. ಹಾಗೆಯೇ ಡಿಡಿಆರ್3 ಸ್ಲಾಟಿರುವ ಕೆಲವು ಬೋರ್ಡುಗಳು ಕೇಳುವುದು 1.5 ವೋಲ್ಟಿನ ರ‍್ಯಾಮನ್ನಲ್ಲ, 1.35 ವೋಲ್ಟಿನ ಡಿಡಿಆರ್3ಎಲ್ ಮಾದರಿಯನ್ನು.

ಇನ್ನು ಕೂರಿಸುವ ರೀತಿ. ಸ್ಲಾಟಿನ ಕೊಂಡಿ ತೆರೆದು, ಕಚ್ಚು ಹೊಂದಿಸಿ, ಎರಡೂ ತುದಿಗಳನ್ನು ಹೆಬ್ಬೆರಳಿನಿಂದ ಸಮನಾಗಿ ಒತ್ತಿದಾಗ ಟಕ್ ಎಂಬ ಸದ್ದಿನೊಡನೆ ಕೊಂಡಿ ತಾನಾಗಿ ಮುಚ್ಚಿಕೊಳ್ಳಬೇಕು. ಹೊಸ ಬೋರ್ಡುಗಳಲ್ಲಿ ಒಂದೇ ಕಡೆ ಕೊಂಡಿ ಇರುವುದರಿಂದ ಇನ್ನೊಂದು ತುದಿ ಎದ್ದೇ ಉಳಿಯುವುದುಂಟು. ಪಕ್ಕದಿಂದ ನೋಡಿದಾಗ ಚಿನ್ನದ ಬಣ್ಣದ ಪಟ್ಟಿ ಒಂದು ತುದಿಯಲ್ಲಿ ಕೂದಲೆಳೆಯಷ್ಟು ಹೆಚ್ಚು ಕಂಡರೂ ರ‍್ಯಾಮ್ ಕೂತಿಲ್ಲವೆಂದೇ ಅರ್ಥ. ನಾಲ್ಕು ಸ್ಲಾಟುಗಳ ಬೋರ್ಡಿನಲ್ಲಿ ಎರಡೇ ರ‍್ಯಾಮ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಹಾಕಬೇಕು. ಹಳೆಯ ರ‍್ಯಾಮನ್ನೂ ಒಮ್ಮೆ ಹೊರತೆಗೆಯಿರಿ. ಬೇಸಿಗೆಯ ದೂಳು ತುಂಬಿದ ಅಂಗಡಿಯಲ್ಲಿ ವರ್ಷಗಟ್ಟಲೆ ಅಲುಗದೆ ಇದ್ದ ಅದರ ಸಂಪರ್ಕ, ಪಕ್ಕದಲ್ಲಿ ಕೈಯಾಡಿದಾಗ ಕೆಡುತ್ತದೆ. ಬಿಳಿ ರಬ್ಬರಿನಿಂದ ಅಂಚಿನ ಪಟ್ಟಿಯನ್ನು ಮೃದುವಾಗಿ ಉಜ್ಜಿ, ಪುಡಿಯನ್ನು ಪೂರ್ತಿ ಕೊಡವಿ, ಸ್ಲಾಟನ್ನು ಒಣ ಬ್ರಷ್ಷಿನಿಂದ ಗುಡಿಸಿ ಮತ್ತೆ ಕೂರಿಸಿ. ಇಷ್ಟರಿಂದಲೇ ಸರಿಹೋಗುವ ಯಂತ್ರಗಳು ಅನೇಕ.

ಬಳಿಕ ಒಂದೇ ರ‍್ಯಾಮ್ ಇಟ್ಟು ನೋಡಿ. ಮೊದಲು ಹಳೆಯದು, ನಂತರ ಅದೇ ಸ್ಲಾಟಿನಲ್ಲಿ ಹೊಸದು. ಬಿಡಿಬಿಡಿಯಾಗಿ ಎರಡೂ ನಡೆದು, ಕೂಡಿಸಿದರೆ ನಡೆಯದಿದ್ದರೆ ಎರಡರ ವೇಗ ಹೊಂದದೆ ಇರಬಹುದು. ಹಳೆಯದೊಂದನ್ನೇ ಇಟ್ಟು ಬಯಾಸ್ (ವಿಂಡೋಸ್‌ಗೂ ಮೊದಲು ಚಾಲೂ ಆಗುವ, ಬೋರ್ಡಿನ ಸ್ವಂತ ತಂತ್ರಾಂಶ) ತೆರೆದು, ಎಕ್ಸ್‌ಎಂಪಿ ಎಂಬ ವೇಗವರ್ಧನೆಯ ಆಯ್ಕೆಯನ್ನು ಆಫ್ ಮಾಡಿ, ಆಮೇಲೆ ಎರಡನ್ನೂ ಹಾಕಿ ನೋಡಬೇಕು.

ಡಿಡಿಆರ್5 ಯಂತ್ರವಿರುವವರಿಗೆ ನನ್ನ ಸಲಹೆ ಒಂದೇ: ಕಾಯಿರಿ. ಹೊಸ ರ‍್ಯಾಮ್ ಹಾಕಿದ ಮೊದಲ ಸಲ ಬೋರ್ಡು ಅದಕ್ಕೆ ತನ್ನನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ಆಗ ಪರದೆ ಕಪ್ಪಾಗಿಯೇ ಇರುತ್ತದೆ, ಯಂತ್ರ ತಾನಾಗಿ ಆರಿ ಮತ್ತೆ ಚಾಲೂ ಆಗಲೂಬಹುದು. ಈ ಹೊತ್ತಿನಲ್ಲಿ ಗುಂಡಿ ಒತ್ತಿ ಆರಿಸಿದರೆ ಆ ಕೆಲಸ ಮೊದಲಿನಿಂದ ಶುರುವಾಗುತ್ತದೆ. ಕರೆಂಟ್ ಹೋಗಿ ಬರುವ ಹೊತ್ತಿನಲ್ಲಿ ಇದಕ್ಕೆ ಕೈಹಾಕದಿರುವುದು ಲೇಸು.

ಬೋರ್ಡಿನ ಒಂದು ಮೂಲೆಯಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ನಾಲ್ಕು ಪುಟ್ಟ ದೀಪಗಳಿದ್ದರೆ ಅರ್ಧ ಕೆಲಸ ಮುಗಿದಂತೆ. ಯಾವ ದೀಪ ಆರದೆ ನಿಲ್ಲುತ್ತದೆಯೋ ತೊಂದರೆ ಅಲ್ಲಿದೆ (ಡಿರ‍್ಯಾಮ್ ಎಂದರೆ ರ‍್ಯಾಮ್, ವಿಜಿಎ ಎಂದರೆ ಗ್ರಾಫಿಕ್ಸ್, ಬೂಟ್ ಎಂದರೆ ವಿಂಡೋಸ್ ಇರುವ ಡಿಸ್ಕ್). ದೀಪಗಳಿಲ್ಲದ ಬೋರ್ಡಿಗೆ ಚಿಕ್ಕ ಬೀಪ್ ಸ್ಪೀಕರ್ ಸಿಕ್ಕಿಸಬಹುದು. ಬೀಪ್‌ಗಳ ಅರ್ಥ ಬಯಾಸ್ ಕಂಪನಿಯಿಂದ ಕಂಪನಿಗೆ ಬೇರೆಯಾಗುವುದರಿಂದ ನಿಮ್ಮ ಬೋರ್ಡಿನ ಮ್ಯಾನ್ಯುಯಲ್ಲನ್ನೇ ನೋಡಿ.

ಪ್ರೊಸೆಸರ್ ಬದಲಿಸಿದವರಿಗೆ ಎರಡು ಮಾತು. ಪ್ರೊಸೆಸರ್ ಕೂರುವ ಸಾಕೆಟ್ ಒಂದೇ ಆದರೂ ಬೋರ್ಡಿನ ಬಯಾಸ್ ಹಳೆಯದಾಗಿದ್ದರೆ ಹೊಸ ಪ್ರೊಸೆಸರನ್ನು ಅದು ಗುರುತಿಸುವುದಿಲ್ಲ. ಬೋರ್ಡ್ ಕಂಪನಿಯ ಜಾಲತಾಣದ ಪಟ್ಟಿಯಲ್ಲಿ ನಿಮ್ಮ ಪ್ರೊಸೆಸರಿಗೆ ಯಾವ ಬಯಾಸ್ ಆವೃತ್ತಿ ಬೇಕೆಂದು ನೋಡಿ, ಹಳೆಯ ಪ್ರೊಸೆಸರ್ ಹಾಕಿಯೇ ಅದನ್ನು ನವೀಕರಿಸಬೇಕು. ಎರಡನೆಯದು ಬಾಗಿದ ಪಿನ್ನು. ಇಂಟೆಲ್‌ನ ಎಲ್‌ಜಿಎ ಸಾಕೆಟ್ಟಿನಲ್ಲಿ ಪಿನ್ನುಗಳು ಬೋರ್ಡಿನಲ್ಲಿರುತ್ತವೆ, ಎಎಂಡಿಯ ಎಎಂ4 ಸಾಕೆಟ್ಟಿನವುಗಳಲ್ಲಿ ಪ್ರೊಸೆಸರಿನಲ್ಲೇ ಇರುತ್ತವೆ. ಬಾಗಿದ್ದು ಕಂಡರೆ ನೀವೇ ನೆಟ್ಟಗೆ ಮಾಡಲು ಹೋಗದೆ ಅನುಭವಿಗಳ ಕೈಗೆ ಕೊಡಿ.

ಇಷ್ಟಾದರೂ ಡಿಸ್ಪ್ಲೇ ಬಾರದಿದ್ದರೆ ಬಯಾಸ್ ಸೆಟ್ಟಿಂಗ್‌ಗಳನ್ನು ಅಳಿಸಿ ನೋಡಬೇಕು. ಪ್ಲಗ್ ಕಿತ್ತು, ಬೋರ್ಡಿನ ಮೇಲಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿಯನ್ನು ಐದು ನಿಮಿಷ ತೆಗೆದಿಟ್ಟು ಮರಳಿ ಹಾಕಿ. ಹಳೆಯ ಯಂತ್ರದಲ್ಲಿ ಬ್ಯಾಟರಿ 3 ವೋಲ್ಟಿಗಿಂತ ತೀರ ಕೆಳಗಿಳಿದಿದ್ದರೆ ಹೊಸದನ್ನೇ ಹಾಕಿಬಿಡಿ. ಆದರೆ ಇದಕ್ಕೆ ಮೊದಲು, ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವ್ಯವಸ್ಥೆ) ಚಾಲ್ತಿಯಲ್ಲಿದ್ದರೆ ಅದರ 48 ಅಂಕಿಗಳ ರಿಕವರಿ ಕೀ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ. ಬಯಾಸ್ ಅಥವಾ ಹಾರ್ಡ್‌ವೇರ್ ಬದಲಾದಾಗ ವಿಂಡೋಸ್ ಅದನ್ನು ಕೇಳುವುದುಂಟು, ಕೀ ಇಲ್ಲದೆ ಡಿಸ್ಕ್ ತೆರೆಯುವುದಿಲ್ಲ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದವರಿಗೆ ಅದು ಸಾಮಾನ್ಯವಾಗಿ ಆ ಖಾತೆಯಲ್ಲೇ ಸಿಗುತ್ತದೆ. ಮೊಬೈಲಿನಲ್ಲಿ ತೆರೆದು ನೋಡಬಹುದು.

ಕಚೇರಿಗಳಿಂದ ಹೊರಬಂದ ರಿಫರ್ಬಿಶ್ಡ್ ಯಂತ್ರಗಳು

ಹಳೆಯದನ್ನು ಸರಿಪಡಿಸಿ ಮತ್ತೆ ಮಾರುವ ಇವು ಈಗ ನಮ್ಮ ಮೂರೂ ಜಿಲ್ಲೆಗಳಲ್ಲಿ ಬಳಕೆಯಲ್ಲಿರುವುದರಿಂದ ಬೇರೆಯಾಗಿ ಹೇಳುತ್ತೇನೆ. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಪ್ರೊಡೆಸ್ಕ್‌ನಂಥ ಸಣ್ಣ ಗಾತ್ರದ ಕಚೇರಿ ಯಂತ್ರಗಳ ಎಸ್‌ಎಂಪಿಎಸ್ ಚಿಕ್ಕದು; 180, 240 ವ್ಯಾಟ್‌ನವು ಸಾಮಾನ್ಯ. ಗ್ರಾಫಿಕ್ಸ್ ಕಾರ್ಡಿಗೆ ಬೇರೆ ಕೇಬಲ್ ಇರುವುದಿಲ್ಲ. ದೊಡ್ಡ ಎಸ್‌ಎಂಪಿಎಸ್ ತಂದು ಹಾಕೋಣವೆಂದರೆ ಕೆಲವು ಮಾದರಿಗಳ ಬೋರ್ಡಿನಲ್ಲಿ 24 ಪಿನ್ನಿನ ಕನೆಕ್ಟರೇ ಇರುವುದಿಲ್ಲ, ಕಂಪನಿಯದೇ ಬೇರೆ ವಿನ್ಯಾಸ. ಹೀಗಾಗಿ ಸ್ಲಾಟಿನ 75 ವ್ಯಾಟ್ ಒಳಗೆ ನಡೆಯುವ, ಗಿಡ್ಡ ಗಾತ್ರದ ಕಾರ್ಡ್ ಮಾತ್ರ ಇವುಗಳಿಗೆ ಸೂಕ್ತ. ಕೆಲವು ಯಂತ್ರಗಳು ಮುಚ್ಚಳ ತೆಗೆದದ್ದನ್ನೂ ನೆನಪಿಟ್ಟುಕೊಂಡು ಎಚ್ಚರಿಕೆಯ ಸಾಲೊಂದನ್ನು ತೋರಿಸಿ ನಿಂತುಬಿಡುತ್ತವೆ. ಪರದೆಯಲ್ಲಿ ಹೇಳಿದ ಕೀಲಿ ಒತ್ತಿದರೆ ಮುಂದೆ ಹೋಗುತ್ತವೆ. ಡೆಲ್‌ನವುಗಳಲ್ಲಿ ಪವರ್ ಗುಂಡಿಯ ದೀಪ ಹಳದಿ ಬಣ್ಣದಲ್ಲಿ ಮಿಣುಕಿದರೆ ಎಷ್ಟು ಸಲ ಮಿಣುಕಿತೆಂದು ಎಣಿಸಿ, ಆ ಮಾದರಿಯ ಮ್ಯಾನ್ಯುಯಲ್ಲಿನಲ್ಲಿ ಹುಡುಕಿ.

ಲೋಗೋ ಬರುತ್ತದೆ, ವಿಂಡೋಸ್ ಬರುವುದಿಲ್ಲ

ಲೋಗೋ ಬಂತೆಂದರೆ ಪ್ರೊಸೆಸರ್, ರ‍್ಯಾಮ್, ಡಿಸ್ಪ್ಲೇ ಬಹುತೇಕ ಸರಿ ಇವೆ. ಹೊಸ ಎಸ್‌ಎಸ್‌ಡಿ ಅಥವಾ ಹಾರ್ಡ್‌ಡಿಸ್ಕ್ ಸೇರಿಸಿದ್ದರೆ ಬಯಾಸ್ ಆ ಖಾಲಿ ಡಿಸ್ಕಿನಲ್ಲಿ ವಿಂಡೋಸ್ ಹುಡುಕುತ್ತಿರಬಹುದು. ಬೂಟ್ ಕ್ರಮದಲ್ಲಿ ಹಳೆಯ ಡಿಸ್ಕನ್ನು ಮೇಲೆ ತನ್ನಿ. ಪಟ್ಟಿಯಲ್ಲಿ ಹಳೆಯ ಡಿಸ್ಕೇ ಇಲ್ಲವೆಂದರೆ ಅದರ ಕೇಬಲ್ ಸಡಿಲಾಗಿರಬೇಕು. ಕೇಬಲ್ ಸರಿ ಇದ್ದರೆ ಮ್ಯಾನ್ಯುಯಲ್ ನೋಡಿ: ಕೆಲವು ಬೋರ್ಡುಗಳಲ್ಲಿ ಎಂ.2 ಸ್ಲಾಟ್ (ಪಟ್ಟಿಯಾಕಾರದ ಎಸ್‌ಎಸ್‌ಡಿ ಕೂರುವ ಜಾಗ) ತುಂಬಿದಾಗ, ಡಿಸ್ಕಿನ ಕೇಬಲ್ ಹಾಕುವ ಒಂದೆರಡು ಸಾಟಾ ಪೋರ್ಟುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಹಳೆಯ ಡಿಸ್ಕನ್ನು ಬೇರೆ ಪೋರ್ಟಿಗೆ ಬದಲಿಸಿದರೆ ಸಾಕು.

ಬಯಾಸ್ ಸೆಟ್ಟಿಂಗ್ ಅಳಿಸಿದ ಮೇಲೆ ನೀಲಿ ಪರದೆ ಬಂದು ಬೂಟ್ ಸಾಧನ ಸಿಗುತ್ತಿಲ್ಲವೆಂದರೆ, ಬಯಾಸ್‌ನಲ್ಲಿರುವ ಸಾಟಾ ಮೋಡ್ (ಬೋರ್ಡು ಡಿಸ್ಕನ್ನು ಓದುವ ರೀತಿ) ಎಎಚ್‌ಸಿಐ ಮತ್ತು ರೈಡ್ ಎಂಬ ಆಯ್ಕೆಗಳ ನಡುವೆ ಬದಲಾಗಿರುವ ಸಾಧ್ಯತೆ ಇದೆ. ಮೊದಲು ಯಾವುದಿತ್ತೋ ಅದಕ್ಕೇ ಮರಳಿಸಬೇಕು. ಇದಕ್ಕಾಗಿ ವಿಂಡೋಸ್ ಮತ್ತೆ ಹಾಕಬೇಕೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ವಿಂಡೋಸ್ ತೆರೆದು ಜಾಲತಾಣಗಳು ಮಾತ್ರ ತೆರೆಯದಿದ್ದರೆ ದಿನಾಂಕ ನೋಡಿ, ಅದೂ ಬಯಾಸ್ ಜೊತೆಗೆ ಹಿಂದಕ್ಕೆ ಹೋಗಿರುತ್ತದೆ.

ಯಾವುದಕ್ಕೂ ಜಗ್ಗದಿದ್ದರೆ

ಮದರ್‌ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರತೆಗೆದು, ಒಣ ರಟ್ಟಿನ ಮೇಲಿಟ್ಟು, ಪ್ರೊಸೆಸರ್, ಅದರ ಕೂಲರ್, ಒಂದು ರ‍್ಯಾಮ್, ಎಸ್‌ಎಂಪಿಎಸ್ ಇಷ್ಟನ್ನೇ ಜೋಡಿಸಿ ಚಾಲೂ ಮಾಡಿ. ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಮಾತ್ರ ಕಾರ್ಡ್ ಹಾಕಿ. ಹೊರಗೆ ಚಾಲೂ ಆಗಿ ಒಳಗೆ ಆಗದಿದ್ದರೆ ಕ್ಯಾಬಿನೆಟ್ಟಿನಲ್ಲೇ ಎಲ್ಲೋ ಶಾರ್ಟ್ ಇದೆ. ಹೊರಗೆ ಚಾಲೂ ಆದ ಮೇಲೆ ಒಂದೊಂದೇ ಭಾಗ ಸೇರಿಸುತ್ತ, ಪ್ರತಿ ಸಲ ಪ್ಲಗ್ ಕಿತ್ತು ಜೋಡಿಸಿ, ಪ್ರತಿ ಸಲ ಚಾಲೂ ಮಾಡಿ ನೋಡಬೇಕು. ಬೇಸರದ ಕೆಲಸವೇ, ಆದರೆ ಎರಡು ಭಾಗಗಳನ್ನು ಒಟ್ಟಿಗೆ ಹಾಕಿದರೆ ಯಾವುದು ಕೈಕೊಟ್ಟಿತು ಎಂಬುದು ತಿಳಿಯದೆ ಮತ್ತೆ ಮೊದಲಿನಿಂದ ಹೊರಡಬೇಕಾಗುತ್ತದೆ.

ಇಷ್ಟಕ್ಕೂ ಚಾಲೂ ಆಗದಿದ್ದರೆ ಉಳಿಯುವುದು ಎಸ್‌ಎಂಪಿಎಸ್, ಬೋರ್ಡ್ ಅಥವಾ ಪ್ರೊಸೆಸರ್, ಮತ್ತು ಅದನ್ನು ತಿಳಿಯಲು ಖಚಿತವಾಗಿ ಸರಿ ಇರುವ ಇನ್ನೊಂದು ಎಸ್‌ಎಂಪಿಎಸ್ ಹಾಕಿ ನೋಡದೆ ಬೇರೆ ದಾರಿಯಿಲ್ಲ. ಅಂಗಡಿಗೆ ಒಯ್ಯುವಾಗ ಬಿಲ್ಲು, ಹೊಸ ಭಾಗದ ಡಬ್ಬಿ ಜೊತೆಗಿರಲಿ, ವಾರಂಟಿ ಸ್ಟಿಕ್ಕರ್ ಹರಿದಿರದಿರಲಿ. ಏನು ಹಾಕಿದಿರಿ, ಯಾವ ಲಕ್ಷಣ ಕಂಡಿತು, ಏನೇನು ಮಾಡಿ ನೋಡಿದಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಡಿಸ್ಕಿನಲ್ಲಿ ಗ್ರಾಹಕರ ಆಧಾರ್ ಪ್ರತಿ, ಬ್ಯಾಂಕ್ ಕಾಗದಗಳಿದ್ದರೆ ಅದನ್ನು ಮನೆಯಲ್ಲೇ ತೆಗೆದಿಟ್ಟು ಉಳಿದದ್ದನ್ನು ಕೊಂಡೊಯ್ಯಿರಿ. ಡಿಸ್ಪ್ಲೇ ಬಾರದ ದೋಷ ಹುಡುಕಲು ರಿಪೇರಿಯವರಿಗೆ ನಿಮ್ಮ ಡಿಸ್ಕ್ ಬೇಕಾಗುವುದಿಲ್ಲ.